ಒಂದು ಸಾವಿರ ಬಾತ್ ಉಳಿಸಲು ಹೋಗಿ

ಊರಿಗೆ ಹೋಗಿದ್ದ ಮೈಸೂರಿನ ದಂಪತಿ ಥಾಯ್ಲೆಂಡಿಗೆ ಮರಳಿದವರೇ ನನಗೆ ಫೋನು ಮಾಡಿದರು. ‘ಪಾಸ್‌ಪೋರ್ಟಿನಲ್ಲಿ ಬೇರೆಯದೇ ಮುದ್ರೆ ಬಿದ್ದಿದೆಯಲ್ಲ, ಏನಿದು?’ ನಾನು ಬಿದ್ದಿದ್ದ ಹಳ್ಳಕ್ಕೇ ಅವರೂ ಬಿದ್ದಿದ್ದರು.

ನಿವೃತ್ತರಾಗಿ ಇಲ್ಲಿ ವರ್ಷ ವರ್ಷ ಉಳಿಯಬೇಕಾದರೆ ಐವತ್ತು ವರ್ಷ ತುಂಬಿರಬೇಕು, ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ (ಇಲ್ಲಿನ ಹಣ) ಇರಬೇಕು, ಶುಲ್ಕ 1,900 ಬಾತ್. ಇದು ಇಲ್ಲಿನ ನಿವೃತ್ತರಿಗೆಲ್ಲ ಬಾಯಿಪಾಠ. ಹಣ ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿ ಕೂತಿರಬೇಕು, ಅನುಮತಿ ಸಿಕ್ಕ ಮೇಲೆ ಮೂರು ತಿಂಗಳು ಅಲುಗಾಡಬಾರದು, ಆಮೇಲೂ 4 ಲಕ್ಷಕ್ಕಿಂತ ಕೆಳಗಿಳಿಯಬಾರದು. ಅದನ್ನು ದೇವರ ಹುಂಡಿ ಎಂದುಕೊಂಡುಬಿಡಿ.

ಈಗ ಹಳ್ಳದ ವಿಷಯ. ನಾವು ವರ್ಷಕ್ಕೊಮ್ಮೆ ‘ವೀಸಾ ನವೀಕರಣ’ ಎನ್ನುತ್ತೇವೆ. ನಿಜವಾಗಿ ಸಿಗುವುದು ಇನ್ನೊಂದು ವರ್ಷ ಇಲ್ಲಿ ಉಳಿಯುವ ಅನುಮತಿ. ಹೊರಗೆ ಹೋಗಿ ಮರಳುವುದಕ್ಕೆ ಮೊದಲೇ ಪಡೆಯಬೇಕಾದ ಮರುಪ್ರವೇಶ ಪರವಾನಗಿ ಇಲ್ಲದೆ ಗಡಿ ದಾಟಿದರೆ ಆ ಅನುಮತಿ ಅಲ್ಲಿಗೇ ಸತ್ತಿತು, ಹನ್ನೊಂದು ತಿಂಗಳು ಬಾಕಿ ಇದ್ದರೂ.

ನಾನು ಅಣ್ಣನ ಮಗನ ಮದುವೆಗೆಂದು ಬೆಂಗಳೂರಿಗೆ ಹೊರಟಾಗ ನವೀಕರಣವಾಗಿ ಇನ್ನೂ ಹದಿನೆಂಟು ದಿನ. ಮುಂದಿನ ವರ್ಷದ ದಿನಾಂಕ ಮುದ್ರೆಯಲ್ಲೇ ಇತ್ತು, ಪರವಾನಗಿಗೆಂದು ಇನ್ನೊಂದು ಸಾವಿರ ಯಾಕೆ ದಂಡ ಎಂದುಕೊಂಡೆ. ಮರಳಿದಾಗ ಅಧಿಕಾರಿ ಹುಡುಗಿ ಪುಟಗಳನ್ನು ಹಿಂದೆ ಮುಂದೆ ತಿರುವಿದಳು, ಪರವಾನಗಿ ಹುಡುಕಿದಳು, ಪ್ರವಾಸಿಯ ಮುದ್ರೆ ಒತ್ತಿ ನಕ್ಕು ಕೈಮುಗಿದಳು. ಹೆಂಡತಿಯ ಚೀಲದಲ್ಲಿ ಮದುವೆಮನೆಯ ಚಿರೋಟಿ ಡಬ್ಬ. ನಾನು ನನ್ನದೇ ಬಾಡಿಗೆ ಮನೆಗೆ ಪ್ರವಾಸಿಯಾಗಿ ಹೋದೆ. ಆಮೇಲೆ 2,000 ಬಾತ್ ತೆತ್ತು ನಿವೃತ್ತರು ಮೊದಲಿಗೆ ಪಡೆಯುವ 90 ದಿನದ ನಾನ್-ಓ ವೀಸಾ, ಅದರ ಮೇಲೆ ವರ್ಷದ ಅನುಮತಿಗೆ ಮತ್ತೆ 1,900, ಮತ್ತೆ ಬ್ಯಾಂಕಿನ ಪತ್ರ, ಮತ್ತೆ ಸರದಿ.

ಪರವಾನಗಿಯ ಕೆಲಸವೋ ತೀರಾ ಸಣ್ಣದು: ಟಿ.ಎಂ. 8 ಅರ್ಜಿ, ಒಂದು ಫೋಟೊ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲಕ್ಕಾದರೂ 3,800. ಲೆಕ್ಕ ನೋಡಿದರೆ ನಾಲ್ಕು ಪ್ರಯಾಣವಿದ್ದರಷ್ಟೇ ಎರಡನೆಯದು ಲಾಭ. ನಾನಂತೂ ಅದನ್ನೇ ತೆಗೆದುಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಊರಿನಿಂದ ನಡುರಾತ್ರಿ ಬರುವ ಫೋನಿಗೆ ಕಚೇರಿಯ ವೇಳೆ ತಿಳಿಯುವುದಿಲ್ಲ. ನವೀಕರಣವಾದ ದಿನವೇ ಮಾಡಿಸಿ. ಅನುಮತಿಯ ಅವಧಿ ಮುಗಿದರೆ ಪರವಾನಗಿಯೂ ಮುಗಿಯಿತು, ಪ್ರತಿ ವರ್ಷ ಹೊಸದು ಬೇಕು.

ತೊಂಬತ್ತು ದಿನಕ್ಕೊಮ್ಮೆ ವಿಳಾಸ ವರದಿ ಕೊಡುವುದಕ್ಕೆ ನನ್ನ ತಕರಾರಿಲ್ಲ. ನಮ್ಮ ಪಿಂಚಣಿದಾರರೂ ಬದುಕಿದ್ದೇವೆಂದು ನವೆಂಬರಿನಲ್ಲಿ ಪ್ರಮಾಣಪತ್ರ ಕೊಡುತ್ತಾರಲ್ಲ. ಆದರೆ ಕೊಟ್ಟ ಅನುಮತಿಯನ್ನು ಉಳಿಸಿಕೊಳ್ಳಲು ಇನ್ನೊಮ್ಮೆ ದುಡ್ಡು ಕೇಳುವ ಈ ಪದ್ಧತಿ ನನಗೆ ಇಂದಿಗೂ ಒಗ್ಗಿಲ್ಲ.

ಮೈಸೂರಿನವರು ಮೊದಲಿನಿಂದ ಶುರುಮಾಡಿದ್ದಾರೆ. ಹಣವನ್ನು ಮುಟ್ಟದೆ ಇಟ್ಟಿದ್ದರಿಂದ ಎರಡು ತಿಂಗಳ ಕಾಯುವಿಕೆಯಾದರೂ ತಪ್ಪಿತು.