ಟ್ಯೂಬಾಗೆ ಮ್ಯೂಟ್ ಆರಿಸುವುದು ಹೇಗೆ?

ಟ್ಯೂಬಾ ಅಂದರೆ ತಗ್ಗು ದನಿಯ ದೊಡ್ಡ ಹಿತ್ತಾಳೆ ಊದುವಾದ್ಯ. ಅದರ ಬೆಲ್ಲಿನೊಳಗೆ, ಅಂದರೆ ದನಿ ಹೊರಬರುವ ಅಗಲ ಬಾಯಿಯೊಳಗೆ, ಇಡುವ ಸಾಧನವೇ ಮ್ಯೂಟ್. ಟ್ಯೂಬಾ ನುಡಿಸುವವರು ಮ್ಯೂಟ್ ಹುಡುಕಿಕೊಂಡು ಹೊರಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ನೊಟೇಶನ್‌ನಲ್ಲಿ ‘ಕಾನ್ ಸೊರ್ದಿನೊ’ ಎಂದು ಬರೆದಿರುತ್ತದೆ. ಮ್ಯೂಟ್ ಹಾಕಿ ನುಡಿಸಿ ಅಂತ ಅದರ ಅರ್ಥ. ಇನ್ನೊಂದು, ರಾತ್ರಿ ಅಭ್ಯಾಸ ಮಾಡಬೇಕು, ಕೆಳಗಿನ ಮನೆಯಲ್ಲಿ ಮಗು ಮಲಗಿರುತ್ತದೆ. ಇವೆರಡಕ್ಕೂ ಬೇಕಾದ ಮ್ಯೂಟ್ ಬೇರೆ ಬೇರೆ. ನಿಮಗೆ ಯಾವುದು ಬೇಕು ಅಂತ ಅಂಗಡಿಗೆ ಹೋಗುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಒಂದರಲ್ಲೇ ಎರಡೂ ಕೆಲಸ ಆಗಲಿ ಅಂತ ಕೊಂಡವರು ಆಮೇಲೆ ಎರಡನೆಯದನ್ನೂ ಕೊಳ್ಳುತ್ತಾರೆ.

ವೇದಿಕೆಗೆ ಬೇಕಾದದ್ದು ಸ್ಟ್ರೇಟ್ ಮ್ಯೂಟ್. ನೋಡಲು ಉದ್ದನೆಯ ಶಂಕುವಿನಂತೆ ಇರುತ್ತದೆ. ಅದರ ಕುತ್ತಿಗೆಯ ಸುತ್ತ ಮೂರು ಕಾರ್ಕ್ ಪಟ್ಟಿ ಅಂಟಿಸಿರುತ್ತಾರೆ. ಪಟ್ಟಿಗಳ ನಡುವಿನ ಸಂದಿಯಿಂದ ದನಿ ಹೊರಗೆ ಬರುತ್ತದೆ. ಇದರ ಮುಖ್ಯ ಕೆಲಸ ದನಿ ತಗ್ಗಿಸುವುದಲ್ಲ, ದನಿಯ ಬಣ್ಣ ಬದಲಿಸುವುದು. ದುಂಡಗಿನ ನಾದ ತೆಳುವಾಗಿ, ಸ್ವಲ್ಪ ಮೂಗಿನಿಂದ ಬಂದಂತೆ ಕೇಳುತ್ತದೆ. ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ 1897ರಲ್ಲಿ ಮುಗಿಸಿದ ‘ಡಾನ್ ಕಿಹೋಟೆ’ ಎಂಬ ಆರ್ಕೆಸ್ಟ್ರಾ ಕೃತಿಯಲ್ಲಿ ಟ್ಯೂಬಾಗೂ ಮ್ಯೂಟ್ ಹಾಕಿಸಿದರು. ಮ್ಯೂಟ್ ಹಾಕಿದ ಹಿತ್ತಾಳೆ ವಾದ್ಯಗಳು ಅದರಲ್ಲಿ ಕುರಿಮಂದೆಯ ಹಾಗೆ ಅರಚುತ್ತವೆ. ಒಮ್ಮೆ ಕೇಳಿ, ಮ್ಯೂಟ್ ಏನು ಮಾಡುತ್ತದೆ ಅಂತ ತಕ್ಷಣ ತಿಳಿಯುತ್ತದೆ.

ಪ್ರಾಕ್ಟೀಸ್ ಮ್ಯೂಟ್ ಹಾಗಲ್ಲ. ಅದು ಬೆಲ್ಲಿನ ಒಳಗೆ ಸುತ್ತಲೂ ಸಂದಿಯಿಲ್ಲದೆ ಕೂರುತ್ತದೆ. ಗಾಳಿ ಹೋಗಲು ಸಣ್ಣ ತೂತು ಮಾತ್ರ ಇರುತ್ತದೆ. ಹಾಗಾಗಿ ಊದುವಾಗ ಗಾಳಿ ಎದುರು ಒತ್ತಿದಂತೆ ಆಗುತ್ತದೆ. ಯಮಾಹಾದ ಸೈಲೆಂಟ್ ಬ್ರಾಸ್‌ನಲ್ಲಿ ಮ್ಯೂಟ್ ಒಳಗೇ ಮೈಕ್ ಇದ್ದು, ನಿಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳಬಹುದು. ಆದರೆ ದಿನವೂ ಬರೀ ಇದರಲ್ಲೇ ಅಭ್ಯಾಸ ಮಾಡಬೇಡಿ. ಬಿಗಿಹಿಡಿದು ಊದುವ ಅಭ್ಯಾಸ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಇನ್ನು ಅಳತೆ. ಚಿಕ್ಕದಾದ ಎಫ್ ಟ್ಯೂಬಾದ ಬೆಲ್ ಸುಮಾರು 40 ಸೆಂ.ಮೀ. ಅಗಲ ಇದ್ದರೆ, ದೊಡ್ಡ ಬಿ ಫ್ಲಾಟ್ ಟ್ಯೂಬಾದ್ದು 50 ಸೆಂ.ಮೀ. ಹತ್ತಿರ ಬರುತ್ತದೆ. ಆದರೆ ಬೆಲ್ಲಿನ ಅಂಚನ್ನು ಅಳೆದರೆ ಸಾಲದು. ಕಾರ್ಕ್ ಹಿಡಿದುಕೊಳ್ಳುವುದು ಒಳಗೆ, ಗಂಟಲಿನಲ್ಲಿ. ಅದನ್ನು ಅಳೆಯಲು ಸುಲಭದ ದಾರಿ ಇದೆ. ರಟ್ಟಿನಲ್ಲಿ 15 ಸೆಂ.ಮೀ. ಅಗಲದ ಬಿಲ್ಲೆ ಕತ್ತರಿಸಿ, ನಡುವೆ ದಾರ ಪೋಣಿಸಿ ಬೆಲ್ಲಿನೊಳಗೆ ಮಟ್ಟವಾಗಿ ಇಳಿಬಿಡಿ. ಅದು ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿಂದ ಅಂಚಿನವರೆಗಿನ ಆಳ ಅಳೆದುಕೊಳ್ಳಿ. 12 ಸೆಂ.ಮೀ. ಬಿಲ್ಲೆಯಲ್ಲೂ ಹಾಗೇ ಮಾಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಈ ಅಳತೆಗಳನ್ನು ಮಾರುವವರಿಗೆ ಕಳಿಸಿ, ಮ್ಯೂಟ್ ಎಷ್ಟು ಒಳಗೆ ಹೋಗುತ್ತದೆ ಅಂತ ಕೇಳಿ. ಅಂಗಡಿಗೇ ಹೋಗುವುದಾದರೆ ಎಷ್ಟೇ ಭಾರವಾದರೂ ನಿಮ್ಮ ಟ್ಯೂಬಾವನ್ನೇ ಹೊತ್ತುಕೊಂಡು ಹೋಗಿ. ನಾನು ಮೊದಲ ಮ್ಯೂಟನ್ನು ವಾದ್ಯವಿಲ್ಲದೆ ಹೋಗಿ ಕೊಂಡೆ. ರಿಹರ್ಸಲ್‌ನಲ್ಲಿ ನಾಲ್ಕನೇ ಬಾರಿಗೆ ಅದು ಸಡಿಲವಾಗಿ ಓರೆಯಾದಾಗ ಪಕ್ಕದ ಟ್ರೊಂಬೋನಿನವರು ಕೈಚಾಚಿ ಹಿಡಿದರು.

ಮೆರವಣಿಗೆಯಲ್ಲಿ ಹೆಗಲಿಗೆ ಸುತ್ತಿಕೊಳ್ಳುವ ಸೂಸಫೋನ್ ನಿಮ್ಮದಾದರೆ ಈ ಖರ್ಚಿಗೆ ಹೋಗಬೇಡಿ. ಅದರ ಬೆಲ್ ಮುಂದಕ್ಕೆ ತೆರೆದಿರುತ್ತದೆ, ಮ್ಯೂಟ್ ಭಾರಕ್ಕೆ ಕಳಚಿ ಬೀಳುತ್ತದೆ. ಬಯಲಲ್ಲಿ ನುಡಿಸುವವರಿಗೆ ಅದರ ಅಗತ್ಯವೂ ಇಲ್ಲ, ಅಲ್ವಾ?

ಯಾವುದರಲ್ಲಿ ಮಾಡಿದ್ದು ಅನ್ನುವುದೂ ಮುಖ್ಯ. ಒತ್ತಿದ ರಟ್ಟಿನಂಥ ಫೈಬರ್‌ನವು ಹಗುರ, ದನಿ ಮೆತ್ತಗೆ. ಹ್ಯೂಮ್ಸ್ ಆಂಡ್ ಬರ್ಗ್ ಕಂಪನಿಯ ಸ್ಟೋನ್‌ಲೈನ್ಡ್ ಈ ಜಾತಿಯದು. ಡೆನಿಸ್ ವಿಕ್, ಜೋ-ರಲ್ ಕಂಪನಿಗಳ ಅಲ್ಯೂಮಿನಿಯಂ ಮ್ಯೂಟ್‌ಗಳ ದನಿ ಹರಿತ. ಜೋರಾಗಿ ಊದಿದಾಗ ದೊಡ್ಡ ಆರ್ಕೆಸ್ಟ್ರಾದ ನಡುವೆಯೂ ಕೇಳುತ್ತದೆ. ಮರದವು ಇವೆರಡರ ನಡುವೆ. ಐದು ಜನರ ಬ್ರಾಸ್ ಕ್ವಿಂಟೆಟ್‌ನಲ್ಲಿ ನುಡಿಸುವವರಿಗೆ ನಾನು ಫೈಬರ್ ಅಥವಾ ಮರವನ್ನೇ ಹೇಳುತ್ತೇನೆ.

ಪರೀಕ್ಷೆ ಮಾಡುವಾಗ ಅವಸರ ಬೇಡ. ಮೊದಲು ಮ್ಯೂಟ್ ಇಲ್ಲದೆ ನುಡಿಸಿ, ಟ್ಯೂನರ್ ನೋಡಿ ಶ್ರುತಿ ಸರಿಮಾಡಿಕೊಳ್ಳಿ. ಆಮೇಲೆ ಮ್ಯೂಟ್ ಹಾಕಿ ಅದೇ ಸ್ವರ ನುಡಿಸಿ. ಬೆರಳಿನಿಂದ ಒತ್ತುವ ವಾಲ್ವ್ ಯಾವುದನ್ನೂ ಒತ್ತದೆ ಬರುವ ಸ್ವರದಿಂದ ಅರ್ಧರ್ಧ ಸ್ವರವಾಗಿ ಕೆಳಗಿಳಿಯಿರಿ. ಮ್ಯೂಟಿನ ಗುಣ ತಿಳಿಯುವುದು ಈ ತಳದ ಸ್ವರಗಳಲ್ಲೇ. ಮೇಲಿನ ಸ್ವರಗಳನ್ನು ಎಂಥ ಮ್ಯೂಟ್ ಆದರೂ ನಿಭಾಯಿಸುತ್ತದೆ. ಕೆಳಗೆ ಬಂದಾಗ ಕೆಲವದರಲ್ಲಿ ಒಂದೆರಡು ಸ್ವರ ಹಿಡಿತಕ್ಕೇ ಸಿಗುವುದಿಲ್ಲ, ತುಟಿಯ ಕೆಳಗೆ ನಡುಗುತ್ತವೆ. ಅಂಥ ಸ್ವರ ನೀವು ನುಡಿಸುವ ಕೃತಿಯಲ್ಲಿದ್ದರೆ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಆ ಮ್ಯೂಟ್ ಬೇಡ. ತೀರಾ ಮೆಲ್ಲಗೆ ಒಮ್ಮೆ, ತೀರಾ ಜೋರಾಗಿ ಒಮ್ಮೆ ನುಡಿಸಿ ನೋಡಿ.

ಶ್ರುತಿ ಸ್ವಲ್ಪ ಆಚೀಚೆ ಆದರೆ ಹೆದರಬೇಡಿ. ಅದನ್ನು ಕಾರ್ಕಿನಲ್ಲೇ ತಿದ್ದಬಹುದು. ಮ್ಯೂಟ್ ತುಂಬಾ ಒಳಗೆ ಕೂತರೆ ಶ್ರುತಿ ಏರುತ್ತದೆ, ದನಿ ಉಸಿರುಗಟ್ಟಿದಂತೆ ಆಗುತ್ತದೆ. ತುಂಬಾ ಹೊರಗಿದ್ದರೆ ಶ್ರುತಿ ಇಳಿಯುತ್ತದೆ. ಹೊಸ ಮ್ಯೂಟಿನ ಕಾರ್ಕ್ ಬೇಕೆಂದೇ ದಪ್ಪ ಇರುತ್ತದೆ. ಕಾರ್ಕಿಗೆ ಸೀಮೆಸುಣ್ಣ ಸವರಿ, ಮ್ಯೂಟನ್ನು ಬೆಲ್ಲಿನಲ್ಲಿಟ್ಟು ಸ್ವಲ್ಪ ತಿರುಗಿಸಿ ತೆಗೆಯಿರಿ. ಸುಣ್ಣ ಅಳಿಸಿದ ಜಾಗವೇ ಬೆಲ್ಲಿಗೆ ತಾಗುತ್ತಿರುವ ಜಾಗ. ಅಲ್ಲಿ ಮಾತ್ರ ಸ್ಯಾಂಡ್ ಪೇಪರ್‌ನಿಂದ ನಾಲ್ಕೈದು ಸಲ ಉಜ್ಜಿ, ಮತ್ತೆ ಟ್ಯೂನರ್ ನೋಡಿ. ಮೂರೂ ಪಟ್ಟಿ ಸಮವಾಗಿ ತಾಗುವವರೆಗೆ ಹೀಗೇ ಮಾಡಿ. ಜಾಸ್ತಿ ಉಜ್ಜಿದರೆ ಹೊಸ ಕಾರ್ಕ್ ಅಂಟಿಸುವುದೊಂದೇ ದಾರಿ. ಅದಕ್ಕೆ ಚಪ್ಪಲಿ ರಿಪೇರಿಯವರು ಬಳಸುವ ಅಂಟು ಸಾಕು.

ಮ್ಯೂಟ್ ಹಾಕುವ ಮೊದಲು ಕಾರ್ಕಿನ ಮೇಲೆ ‘ಹಾ’ ಅಂತ ಬಿಸಿ ಉಸಿರು ಬಿಡಿ. ಆ ತೇವಕ್ಕೆ ಕಾರ್ಕ್ ಹಿಡಿದುಕೊಳ್ಳುತ್ತದೆ. ಆಮೇಲೆ ಒಳಗಿಟ್ಟು ಮೆಲ್ಲಗೆ ತಿರುಗಿಸಿ. ತೆಗೆಯುವಾಗಲೂ ಹಾಗೇ ತಿರುಗಿಸಿ ಎತ್ತಿ, ಸುಮ್ನೆ ಎಳೆಯಬೇಡಿ.

ಕುರ್ಚಿಯ ಪಕ್ಕ ಮಡಿಸಿದ ಟವೆಲ್ ಹಾಸಿ, ಮ್ಯೂಟನ್ನು ಅದರ ಮೇಲಿಡಿ. ಬರೀ ನೆಲದ ಮೇಲೆ ಅಲ್ಯೂಮಿನಿಯಂ ಉರುಳಿದರೆ ಸಭಾಂಗಣವೆಲ್ಲ ತಿರುಗಿ ನೋಡುತ್ತದೆ. ಬಗ್ಗಿ, ಎತ್ತಿ, ತಲೆಯ ಮೇಲಿರುವ ಬೆಲ್ಲಿಗೆ ಇಳಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮನೆಯಲ್ಲೇ ಎಣಿಸಿಕೊಳ್ಳಿ. ಎಷ್ಟು ಬಾರ್ (ನೊಟೇಶನ್‌ನಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ಭಾಗ) ಮೊದಲೇ ಕೈ ಹಾಕಬೇಕೋ ಆ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ.