ದಾವಣಗೆರೆ ಬಿಸಿಲಲ್ಲಿ ಹಲ್ಲಿನ ಸಿಮೆಂಟ್ ಕಲಸೋದು: ನನ್ನ ಅನುಭವ

ಕ್ಲಿನಿಕ್ ಶುರು ಮಾಡಿದ ಮೊದಲ್ನೇ ಬೇಸಿಗೆ. ಜಗಳೂರು ಕಡೆಯ ಯಜಮಾನ್ರೊಬ್ಬರು ಟವೆಲ್ ತುದೀಲಿದ್ದ ಗಂಟು ಬಿಚ್ಚಿ ಕಡ್ಲೆಬೇಳೆ ಗಾತ್ರದ ಬಿಳಿ ಚೂರೊಂದನ್ನ ಟೇಬಲ್ ಮೇಲಿಟ್ರು. "ಡಾಕ್ಟ್ರಮ್ಮಾ, ರೊಟ್ಟಿ ತಿನ್ನುವಾಗ ನಿಮ್ ಸಿಮೆಂಟು ಬಾಯಾಗೇ ಬಂತು ನೋಡ್ರಿ, ದುಡ್ಡು ಕೊಟ್ಟು ಹಾಕ್ಸಿದ್ದಲ್ವಾ ಅಂತ ನುಂಗ್ದೆ ಇಟ್ಕಂಡ್ ಬಂದೀನಿ" ಅಂದ್ರು. ಹಾಕಿ ಹತ್ತೇ ದಿನ ಆಗಿತ್ತು. ಬ್ರಷ್ ಜೋರಾಗಿ ಉಜ್ಜಿ ಉಜ್ಜಿ ವಸಡಿನ ಹತ್ರ ಹಲ್ಲು ಸವೆದಿರುತ್ತಲ್ಲ, ಆ ಜಾಗಕ್ಕೆ ಹಾಕಿದ್ದ ಗ್ಲಾಸ್ ಅಯಾನಮರ್, ಗಾಜಿನ ಪುಡೀನ ಆಸಿಡ್ ಲಿಕ್ವಿಡ್ ಜತೆ ಕಲಸಿ ಹಾಕೋ ಸಿಮೆಂಟು, ನಾವೆಲ್ಲ ಜಿಐಸಿ ಅನ್ನೋದು. ಆ ತಿಂಗಳಲ್ಲಿ ಹಿಂಗೆ ವಾಪಸ್ ಬಂದಿದ್ದು ಇದು ಮೂರನೇದು.

ಮೊದ್ಲು ನಾನು ಬೈದಿದ್ದು ಕಂಪನಿನ. ಹೊಸ ಬಾಟಲಿ ತರಿಸಿದೆ, ಬೇರೆ ಕಂಪನೀದು. ಅದೂ ಬಿತ್ತು.

ಆಮೇಲೆ ಒಂದಿನ ಮಧ್ಯಾಹ್ನ ಪೇಶೆಂಟ್ ಇಲ್ಲದಾಗ ಸುಮ್ನೆ ಕೂತು ಒಂದು ಸ್ಕೂಪ್ ಪೌಡರ್ ಕಲಸಿ ಮೊಬೈಲಲ್ಲಿ ಟೈಮ್ ಇಟ್ಟು ನೋಡಿದೆ. ಕಲಸೋಕೆ ಶುರು ಮಾಡಿದಾಗಿಂದ ಸುಮಾರು ಎರಡು ನಿಮಿಷ ಸಿಗ್ಬೇಕಿತ್ತು, ಒಂದು ನಿಮಿಷಕ್ಕೇ ಮಂಕಾಗಿ ರಬ್ಬರ್ ಥರ ಆಗೋಯ್ತು. ಡಬ್ಬಿ ಒಳಗಿನ ಚೀಟಿ ಓದಿದ್ರೆ ಅಲ್ಲಿ ಕೊಟ್ಟಿರೋ ಟೈಮೆಲ್ಲ 23 ಡಿಗ್ರಿಗೆ. ನನ್ನ ಕ್ಲಿನಿಕ್ ತಾರಸಿ ಕೆಳಗಿನ ರೂಮು, ಏಪ್ರಿಲಲ್ಲಿ ಕರೆಂಟ್ ಹೋದ್ರೆ 35 ದಾಟುತ್ತೆ. ಜಿಐಸಿ ಗಟ್ಟಿಯಾಗೋದು ಆಸಿಡ್ಡೂ ಗಾಜಿನ ಪುಡೀನೂ ಸೇರಿ ನಡೆಯೋ ಕ್ರಿಯೆಯಿಂದ, ಶಾಖ ಸಿಕ್ಕಷ್ಟೂ ಅದು ಓಡುತ್ತೆ. ಕಾಲೇಜಲ್ಲಿ ಏಸಿ ರೂಮಲ್ಲಿ ಕಲಿತ ಕೈಗೆ ಇದು ಗೊತ್ತೇ ಆಗಿರ್ಲಿಲ್ಲ.

ಇದ್ರಲ್ಲಿ ಮುಖ್ಯ ಹೊಳಪು. ಕಲಸಿದ ಮುದ್ದೆ ಮೇಲೆ ಒದ್ದೆ ಹೊಳಪು ಇದ್ರೆ ಆಸಿಡ್ಡಿನ ಕಾರ್ಬಾಕ್ಸಿಲ್ ಗುಂಪುಗಳು ಇನ್ನೂ ಖಾಲಿ ಇವೆ ಅಂತ ಅರ್ಥ, ಹಲ್ಲಿನ ಕ್ಯಾಲ್ಸಿಯಂ ಹಿಡ್ಕೊಳ್ಳೋದು ಅವೇ. ಹೊಳಪು ಹೋದ ಮೇಲೆ ಹಾಕಿದ್ರೆ ಗುಂಡಿ ತುಂಬಿದ ಹಂಗೆ ಕಾಣುತ್ತೆ ಅಷ್ಟೇ, ಅಂಟಿರಲ್ಲ. ಯಜಮಾನ್ರಿಗೆ ನಾನು ಹಾಕಿದ್ದು ಅಂಥದ್ದೇ, ಹಾಕುವಾಗ ಸ್ವಲ್ಪ ಗಟ್ಟಿ ಅನ್ಸಿತ್ತು, ಆದ್ರೂ ಒತ್ತಿ ಕೂರಿಸಿದ್ದೆ.

ಮೊದಲು ಮಾಡಿದ್ದು ಪೇಪರ್ ಪ್ಯಾಡ್ ಬಿಟ್ಟು ದಪ್ಪ ಗಾಜಿನ ಸ್ಲ್ಯಾಬ್‌ಗೆ ಹೋಗಿದ್ದು, ಪೇಪರನ್ನ ತಣ್ಣಗೆ ಮಾಡಕ್ಕಾಗಲ್ಲ, ಗಾಜನ್ನ ಮಾಡ್ಬಹುದು. ಫ್ರಿಜ್ಜಲ್ಲಿಟ್ಟು ತೆಗೆದು ಹಂಗೇ ಕಲಸೋಕೆ ಹೋಗಿ ಮತ್ತೆ ಕೆಟ್ಟೆ, ಯಾಕಂದ್ರೆ ತುಂಬಾ ತಣ್ಣಗಿದ್ರೆ ಮೇಲೆ ಬೆವರು ಕಟ್ಟುತ್ತೆ, ಆ ನೀರು ಸಿಮೆಂಟಿಗೆ ಸೇರಿದ್ರೆ ತೆಳು ಆಗಿ ಶಕ್ತಿ ಹೋಗುತ್ತೆ. ಈಗ ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಬೆರಳು ಸವರಿದ್ರೆ ಒಣಗಿದೆಯಾ ಅಂತ ನೋಡ್ಕೊಂಡೇ ಕಲಸೋದು. ಲಿಕ್ವಿಡ್ ಬಾಟಲಿ ಮಾತ್ರ ಫ್ರಿಜ್ಜಿಗೆ ಬೇಡ, ಅಂಟಂಟಾಗಿ ಗಟ್ಟಿಯಾಗುತ್ತೆ. ಕಲಸೋಕೆ ಸ್ಟೀಲ್ ಸ್ಪ್ಯಾಚುಲಾನೂ (ಚಪ್ಪಟೆ ಕಡ್ಡಿ) ಬೇಡ, ಗಾಜಿನ ಪುಡಿ ಅದನ್ನ ಕೆರೆದು ಸಿಮೆಂಟ್ ಬೂದು ಬಣ್ಣಕ್ಕೆ ತಿರುಗುತ್ತೆ, ಪ್ಲಾಸ್ಟಿಕ್ಕೇ ಸರಿ.

ಅಳತೆ ವಿಷಯದಲ್ಲಿ ನಮ್ಮ ಅಸಿಸ್ಟೆಂಟ್ ಅಕ್ಕನ ಜತೆ ಒಂದು ವಾರ ಜಗಳ. ಅವ್ರಿಗೆ ರೊಟ್ಟಿ ಹಿಟ್ಟು ಕಲಸಿ ಅಭ್ಯಾಸ, ಕೈ ಅಂದಾಜು. "ನೀರಾಯ್ತು ಅಂದ್ರೆ ಒಂಚೂರು ಪುಡಿ ಹಾಕಿದ್ರಾಯ್ತು ಬಿಡ್ರಿ ಮೇಡಂ" ಅನ್ನೋರು. ರೊಟ್ಟಿಗೆ ಆಯ್ತು, ಇದಕ್ಕಾಗಲ್ಲ. ಪೌಡರ್ ಬಾಟಲಿ ಅಲ್ಲಾಡಿಸಿ ಸಡಿಲ ಮಾಡ್ಬೇಕು, ಸ್ಕೂಪನ್ನ ಬಾಯಿ ಅಂಚಿಗೆ ಸವರಿ ಸಮ ಮಾಡ್ಬೇಕು, ಲಿಕ್ವಿಡ್ ಬಾಟಲಿ ನೆಟ್ಟಗೆ ತಲೆಕೆಳಗೆ ಹಿಡೀಬೇಕು, ಗುಳ್ಳೆ ಬಂದ ಹನಿ ಅರ್ಧ ಹನಿ ಲೆಕ್ಕ, ಒರೆಸಿ ಇನ್ನೊಂದು ಬಿಡೋದು. ಹನಿ ಬಿಟ್ಟು ಫೋನ್ ಮಾತಾಡ್ತಾ ನಿಂತ್ರೆ ನೀರು ಆರಿಹೋಗುತ್ತೆ, ಅದಕ್ಕೇ ಹಲ್ಲು ರೆಡಿ ಆದ ಮೇಲೇ ಹನಿ. ಪೌಡರ್ ಎರಡು ಭಾಗ ಮಾಡಿ, ಮೊದಲರ್ಧ ಹತ್ತು ಸೆಕೆಂಡ್, ಉಳಿದರ್ಧ ಹದಿನೈದು ಇಪ್ಪತ್ತು ಸೆಕೆಂಡ್, ಸ್ಲ್ಯಾಬ್ ತುಂಬಾ ಹರಡದೆ ಸಣ್ಣ ಜಾಗದಲ್ಲೇ ಮಡಚಿ ಮಡಚಿ ಕಲಸೋದು.

ಹಲ್ಲಿನ ಕಡೆ ನಾನು ಮಾಡ್ತಿದ್ದ ತಪ್ಪು, ಗಾಳಿ ಹೊಡೆದು ಕಟಕಟ ಒಣಗಿಸ್ತಿದ್ದೆ. ಈಗ ಹಲ್ಲಿನ ಮೈ ಚೊಕ್ಕ ಮಾಡೋಕೆ 10 ಪರ್ಸೆಂಟ್ ಪಾಲಿಅಕ್ರಿಲಿಕ್ ಆಸಿಡ್ ಹತ್ತಿಪ್ಪತ್ತು ಸೆಕೆಂಡ್ ಸವರಿ, ತೊಳೆದು, ನೀರು ನಿಲ್ಲದಷ್ಟು ಹತ್ತಿಯಲ್ಲಿ ಒತ್ತಿ ತೆಗೀತೀನಿ, ಹಲ್ಲಿನ ಮೈ ಮಿನುಗ್ತಾ ಇರಬೇಕು. ಹಾಕಿ ಆದ ತಕ್ಷಣ ಮೇಲೆ ವಾರ್ನಿಶ್, ಅದಿಲ್ದಿದ್ರೆ ವ್ಯಾಸಲೀನ್. ಈ ಜಿಐಸಿಗೆ ಮೊದಮೊದಲು ಎಂಜಲು ತಾಗಿದ್ರೂ ಕಷ್ಟ, ಒಣಗಿದ್ರೂ ಕಷ್ಟ, ಬಿರುಕು ಬಿಡುತ್ತೆ, ಹೊಸ ಬಾಣಂತಿ ಇದ್ದಂಗೆ. ಪಾಲಿಶ್ ಮಾರನೇ ದಿನಾನೇ. "ಇನ್ನೊಂದ್ಸಲ ಬಸ್ ಚಾರ್ಜ್ ಯಾರ್ ಕೊಡ್ತಾರೆ" ಅಂತ ಕೆಲವರು ಬರೋದೇ ಇಲ್ಲ, ಅಂಥವರಿಗೆ ಮೊದಲೇ ಅಂಚು ನೀಟಾಗಿ ಕೂರೋ ಹಂಗೆ ಪಟ್ಟಿ ಒತ್ತಿ ಹಿಡಿದು ಮುಗಿಸ್ತೀನಿ.

ಯಜಮಾನ್ರಿಗೆ ಎರಡನೇ ಸಲ ದುಡ್ಡು ತಗೊಳ್ದೆ ಹಾಕುವಾಗ, ಇದ್ರಿಂದ ಫ್ಲೋರೈಡ್ ಬರುತ್ತೆ, ಹುಳುಕು ತಡೆಯುತ್ತೆ ಅಂತ ಅಭ್ಯಾಸಬಲದಿಂದ ಹೇಳ್ಬಿಟ್ಟೆ. ಅವ್ರು ಕಂದು ಕಲೆಯ ಹಲ್ಲು ತೋರಿಸಿ ನಕ್ಕು "ನಮ್ಮೂರ ಬೋರ್ ನೀರಾಗಿರೋದು ಸಾಲ್ದೇನು, ನೀವೂ ಹಾಕ್ತೀರಾ" ಅಂದ್ರು. ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಈ ಮಾತು ಹೇಳುವಾಗ ಯೋಚನೆ ಮಾಡ್ಬೇಕು ಅಂತ ಅವತ್ತೇ ಗೊತ್ತಾಗಿದ್ದು. ಆ ಕಲೆ ಬರೋದು ಚಿಕ್ಕಂದಲ್ಲಿ ಹಲ್ಲು ಕಟ್ಟುವಾಗ ಕುಡಿದ ನೀರಿಂದ, ಸಿಮೆಂಟಿಂದ ಬರೋದು ಚೂರು, ಅದೂ ಮೊದಲೆರಡು ದಿನ ಹೆಚ್ಚು, ಆಮೇಲೆ ಇಳಿಯುತ್ತೆ ಅಂತ ಬಿಡಿಸಿ ಹೇಳಿದೆ. ಅಂಥ ಹಲ್ಲಿಗೆ ಕಾಂಪೋಸಿಟ್ (ಲೈಟ್ ಬಿಟ್ಟು ಗಟ್ಟಿ ಮಾಡೋ ಹಲ್ಲಿನ ಬಣ್ಣದ ಫಿಲ್ಲಿಂಗ್) ಹಾಕೋದಿದ್ರೆ ಮೇಲಿನ ಎನಾಮಲ್ ಆಸಿಡ್ಡಿಗೆ ಬೇಗ ಬಗ್ಗಲ್ಲ, ನಾನು ಬರ್‌ನಲ್ಲಿ (ಡ್ರಿಲ್ ಮೊನೆ) ತುಸು ಒರಟು ಮಾಡಿ, ಎಚಿಂಗ್, ಅಂದ್ರೆ ಅಂಟೋಕೆ ಮೊದಲು ಹಚ್ಚೋ ಆಸಿಡ್ಡನ್ನ, 15 ಸೆಕೆಂಡ್ ಬದಲು 30 ಬಿಡ್ತೀನಿ.

ಕಾಂಪೋಸಿಟ್ಟಿಗೂ ಬೇಸಿಗೆ ಕಾಟ ಇದೆ, ಆದ್ರೆ ಬೇರೆ ಥರ. ಕಾಂಪೋಸಿಟ್ಟನ್ನ ಹಲ್ಲಿಗೆ ಅಂಟಿಸೋ ಬಾಂಡಿಂಗ್ ಬಾಟಲಿ ಮುಚ್ಚಳ ತೆರೆದಿಟ್ರೆ ಒಳಗಿನ ಅಸಿಟೋನ್ ಹಾರಿಹೋಗುತ್ತೆ, ಹನಿ ಬಿಟ್ಟ ತಕ್ಷಣ ಮುಚ್ಚೋದು. ಕಾಂಪೋಸಿಟ್ ಚೂರನ್ನ ಚೇರ್ ಲೈಟ್ ಕೆಳಗೆ ಬಿಟ್ರೆ ತಾನೇ ಗಟ್ಟಿಯಾಗಕ್ಕೆ ಶುರು, ಬೆಳಕು ತಡೆಯೋಕೆ ಮೇಲೊಂದು ಕಿತ್ತಳೆ ಬಣ್ಣದ ಮುಚ್ಚಳ ಇಡ್ತೀನಿ. ಒಂದು ಪದರ 2 ಮಿಲಿಮೀಟರ್ ದಾಟಿಸಲ್ಲ.

ಕ್ಯಾಪ್ಸೂಲಲ್ಲಿ ಬರೋ ಜಿಐಸಿ ತಗೊಂಡ್ರೆ ಅಳತೆ ತಲೆನೋವೇ ಇಲ್ಲ, ಮಿಷನ್ನೇ ಅಲ್ಲಾಡಿಸಿ ಕೊಡುತ್ತೆ, ಆದ್ರೆ ನನ್ನ ಪೇಶೆಂಟ್‌ಗಳಿಗೆ ಆ ರೇಟ್ ಹೇಳಕ್ಕೆ ಬಾಯಿ ಬರಲ್ಲ. ಹಂಗಾಗಿ ಇನ್ನೂ ಕೈಯಲ್ಲೇ. ಮೊನ್ನೆ ನಾನು ಹಲ್ಲಿನ ಅಂಚು ನೋಡ್ತಾ ತಡ ಮಾಡಿದೆ, ಪಕ್ಕದಿಂದ ಅಕ್ಕ "ಹೊಳಪು ಹೋತು ಮೇಡಂ, ಇದು ಬೇಡ" ಅಂದು ನಾನು ಕೇಳೋ ಮೊದಲೇ ಆ ಮುದ್ದೆ ಕಸದ ಡಬ್ಬಿಗೆ ಹಾಕಿ, ಇನ್ನೊಂದು ಸ್ಕೂಪ್ ಸಮ ಮಾಡ್ತಾ ನಿಂತಿದ್ರು.