ದಜ್ಜಾಲ್ ಬಂದ ಅಂತ ವಿಡಿಯೋ ಬಂದರೆ ಏನು ಮಾಡಬೇಕು

2025ರ ಜೂನ್‌ನಲ್ಲಿ ಇಸ್ರೇಲು, ಇರಾನು ಹನ್ನೆರಡು ದಿನ ಹೊಡೆದಾಡಿಕೊಂಡವು. ಆಗ ಕೋಲಾರದ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ದಜ್ಜಾಲ್ ವಿಡಿಯೋಗಳ ಸುಗ್ಗಿ. ದಜ್ಜಾಲ್ ಅಂದರೆ ಲೋಕದ ಕೊನೆಗಾಲದಲ್ಲಿ ಬಂದು ಜನರನ್ನು ದಾರಿ ತಪ್ಪಿಸುತ್ತಾನೆ ಅಂತ ನಾವು ಮುಸ್ಲಿಮರು ನಂಬುವ ಮೋಸಗಾರ. ನಮ್ಮ ಸ್ಕೂಲಿನ ಗಣಿತದ ಮೇಡಂ ಕೆಜಿಎಫ್‌ನವರು, ರಾಬರ್ಟ್‌ಸನ್‌ಪೇಟೆಯಿಂದ ಬರುತ್ತಾರೆ, ಭಾನುವಾರ ಚರ್ಚ್ ತಪ್ಪಿಸುವುದಿಲ್ಲ. ಅವರ ಫೋನಿಗೆ ಕ್ರಿಸ್ತವಿರೋಧಿಯ ವಿಡಿಯೋಗಳು; ಕ್ರೈಸ್ತರ ಕೊನೆಗಾಲದ ವಿಲನ್ ಅವನು. ಸ್ಟಾಫ್ ರೂಮಿನಲ್ಲಿ ಇಬ್ಬರ ಫೋನೂ ಪಕ್ಕಪಕ್ಕ ಇಟ್ಟು ನೋಡಿದೆವು. ಅದೇ ಮ್ಯೂಸಿಕ್ಕು, ಅದೇ ಉರಿಯುವ ಕಟ್ಟಡ, ಅದೇ ಹೆದರಿಸುವ ದನಿ. ವಿಲನ್ ಹೆಸರು ಮಾತ್ರ ಬೇರೆ.

ನಾನು ಕನ್ನಡ ಪಾಠ ಮಾಡುವವಳು. ಮನೆಯಲ್ಲಿ ದಖ್ಖನಿ, ಶುಕ್ರವಾರ ನಮಾಜು, ಎಲ್ಲ ಇದೆ. ಆದ್ದರಿಂದ ನಂಬಿಕೆ ಬಿಡಿ ಅಂತ ಯಾರಿಗೂ ಹೇಳುತ್ತಿಲ್ಲ. ಇಂಥ ವಿಡಿಯೋ ಬಂದಾಗ ನಾನೂ ಮೇಡಮ್ಮೂ ಏನು ಮಾಡುತ್ತೇವೆ ಅನ್ನುವುದನ್ನು ಬರೆಯುತ್ತಿದ್ದೇನೆ, ಅಷ್ಟೇ.

ಮೊದಲು, ಇದು ಎಲ್ಲಿ ಬರೆದಿದೆ ಅಂತ ಕೇಳಿ. ನಮ್ಮ ಮಾಮು ಟೊಮೆಟೊ ಮಂಡಿಯಲ್ಲಿದ್ದಾರೆ. ಬೆಳಿಗ್ಗೆ ಹರಾಜು ಮುಗಿಸಿ ಟೀ ಕುಡಿಯುತ್ತಾ ಫಾರ್ವರ್ಡ್ ಶುರು ಮಾಡುತ್ತಾರೆ.

"ಮಾಮು, ಇದು ಎಲ್ಲಿದೆ?"

"ಕುರಾನಲ್ಲೇ ಇದೆ ಬೇಟಿ."

"ಯಾವ ಸೂರಾ?"

"ಹಜರತ್ ಹೇಳಿದ್ರಲ್ಲಾ."

"ಯಾವ ಹಜರತ್?"

"ವಿಡಿಯೋದಲ್ಲಿ ಇದ್ದೋರು."

ಕುರಾನಿನಲ್ಲಿ ದಜ್ಜಾಲನ ಹೆಸರೇ ಇಲ್ಲ. ಅವನ ಮಾತೆಲ್ಲ ಬರುವುದು ಹದೀಸ್‌ಗಳಲ್ಲಿ, ಅಂದರೆ ಪೈಗಂಬರರ ನಡೆನುಡಿಯ ವರದಿಗಳಲ್ಲಿ; ಬುಖಾರಿ, ಮುಸ್ಲಿಂ ಮುಂತಾದವು ಅವುಗಳ ಸಂಗ್ರಹಗಳು. ಕ್ರೈಸ್ತರದ್ದೂ ಹೆಚ್ಚುಕಮ್ಮಿ ಹೀಗೇ. ಕ್ರಿಸ್ತವಿರೋಧಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟಣೆಯಲ್ಲಿ ಇದ್ದಾನೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆ ಹೆಸರು ಸಿಗುವುದು ಯೋಹಾನನ ಮೊದಲ ಎರಡು ಪತ್ರಗಳಲ್ಲಿ ಮಾತ್ರ. ಪ್ರಕಟಣೆಯ 13ನೇ ಅಧ್ಯಾಯದಲ್ಲಿರುವುದು ಮೃಗ, 666 ಸಂಖ್ಯೆ. ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದಲ್ಲಿ ಇನ್ನೊಬ್ಬ ಅಧರ್ಮಿ ಬರುತ್ತಾನೆ. ಮೂವರನ್ನೂ ಸೇರಿಸಿ ಒಬ್ಬನನ್ನು ಮಾಡಿದ್ದು ಆಮೇಲಿನವರು. ಯೋಹಾನನ ಮೊದಲ ಪತ್ರವಂತೂ ಈಗಾಗಲೇ ಬಹಳ ಮಂದಿ ಕ್ರಿಸ್ತವಿರೋಧಿಗಳು ಬಂದಿದ್ದಾರೆ ಅನ್ನುತ್ತದೆ. ಬರೆದು ಸಾವಿರದ ಒಂಬೈನೂರು ವರ್ಷ ಆಯಿತು!

ಆಮೇಲೆ, ಗುರುತುಗಳನ್ನು ಪೂರ್ತಿ ಹೊಂದಿಸಿ ನೋಡಿ. ವಿಡಿಯೋದವರು ಒಂದು ಗುರುತು ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಒಂಟಿ ಕಣ್ಣಿನ ಮಗು ಹುಟ್ಟಿದೆ, ಅದೇ ದಜ್ಜಾಲ್ ಅನ್ನುವ ವಿಡಿಯೋ ನಿಮಗೂ ಬಂದಿರಬೇಕು. ಕೆಲವು ಸಲ ಮಗುವಿನ ಬದಲು ಕರು ಇರುತ್ತದೆ. ಹಣೆ ನಡುವೆ ಒಂದೇ ಕಣ್ಣು ಇರುವುದು ಗರ್ಭದಲ್ಲಿ ಮಿದುಳು ಸರಿಯಾಗಿ ಎರಡು ಭಾಗ ಆಗದೆ ಬರುವ ತೊಂದರೆ. ಡಾಕ್ಟರುಗಳು ಸೈಕ್ಲೋಪಿಯಾ ಅನ್ನುತ್ತಾರೆ. ಅಂಥ ಕೂಸು ಹೆಚ್ಚು ಹೊತ್ತು ಬದುಕುವುದಿಲ್ಲ. ಹೆತ್ತವಳ ಸಂಕಟವನ್ನು ಊರೆಲ್ಲ ಹಂಚಿ ಲೈಕು ತೊಗೊಳ್ಳುವುದು ಎಂಥ ಬುದ್ಧಿಯೋ! ಅದೂ ಹೋಗಲಿ, ಗುರುತೂ ತಾಳೆಯಾಗುವುದಿಲ್ಲ. ಹದೀಸಿನ ದಜ್ಜಾಲನಿಗೆ ಎರಡು ಕಣ್ಣು, ಅದರಲ್ಲಿ ಒಂದು ಕುರುಡು, ಉಬ್ಬಿದ ದ್ರಾಕ್ಷಿಯ ಹಾಗೆ. ಎರಡು ಕಣ್ಣಿನ ಮಧ್ಯೆ ಕಾಫಿರ್ (ಅವಿಶ್ವಾಸಿ) ಅಂತ ಬರೆದಿರುತ್ತದೆ, ಓದು ಬರದ ವಿಶ್ವಾಸಿಗೂ ಅದು ಕಾಣುತ್ತದೆ. ಭೂಮಿಯ ಮೇಲೆ 40 ದಿನ ಇರುತ್ತಾನೆ. ಅದರಲ್ಲಿ ಒಂದು ದಿನ ವರ್ಷದಷ್ಟು, ಇನ್ನೊಂದು ತಿಂಗಳಷ್ಟು, ಮತ್ತೊಂದು ವಾರದಷ್ಟು. ಮಕ್ಕಾ, ಮದೀನಾ ಒಳಗೆ ಕಾಲಿಡಲಾರ. ಹಜರತ್ ಈಸಾ (ಯೇಸು) ಡಮಾಸ್ಕಸ್‌ನ ಬಿಳಿ ಮಿನಾರದ ಹತ್ತಿರ ಇಳಿದು ಬಂದು ಲುದ್ ಬಾಗಿಲಲ್ಲಿ ಅವನನ್ನು ಕೊಲ್ಲುತ್ತಾರೆ. ಆ ಲುದ್ ಈಗ ಇಸ್ರೇಲಿನ ಲೋಡ್ ಪಟ್ಟಣ, ಅವರ ದೊಡ್ಡ ಏರ್‌ಪೋರ್ಟ್ ಅದರ ಪಕ್ಕದಲ್ಲೇ ಇದೆ. ವಿಡಿಯೋದವರಿಗೆ ಅಷ್ಟು ಸಿಕ್ಕರೆ ಸಾಕು, ಮೂರು ಭಾಗ ಮಾಡುತ್ತಾರೆ.

ಯಾರದೋ ಹೆಸರು ಕೂಡಿದರೆ 666, ಅವನೇ ಕ್ರಿಸ್ತವಿರೋಧಿ ಅನ್ನುವ ವಿಡಿಯೋ ಬಂದರೆ ಪೆನ್ನು ತೊಗೊಳ್ಳಿ. ಇದು ಮೇಡಂ ಕಲಿಸಿದ್ದು, ಹತ್ತನೇ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಮಾಡಿಯೂ ತೋರಿಸಿದರು. ಇಂಗ್ಲಿಷಿನ ಎ ಅಕ್ಷರಕ್ಕೆ 100, ಬಿಗೆ 101, ಸಿಗೆ 102, ಹೀಗೇ ಮುಂದುವರಿಸಿ. ಹಿಟ್ಲರ್ ಹೆಸರಿನ ಆರು ಅಕ್ಷರ ಕೂಡಿದರೆ ಸರಿಯಾಗಿ 666. ಹುಡುಗರೆಲ್ಲ ಓಹೋ ಅಂದರು. ಮೇಡಂ ಸುಮ್ನೆ ಅದರ ಕೆಳಗೆ ಸ್ಕೂಲ್ ಅಂತ ಇಂಗ್ಲಿಷಿನಲ್ಲಿ ಬರೆದು, "ಈಗ ಇದನ್ನ ಕೂಡಿ" ಅಂದರು. ಎಸ್ 118, ಸಿ 102, ಎಚ್ 107, ಓ 114, ಇನ್ನೊಂದು ಓ 114, ಎಲ್ 111. ಕೂಡಿ ನೋಡಿ. ಹಿಂದಿನ ಬೆಂಚಿನ ಹುಡುಗನೊಬ್ಬ, "ನಾನು ಮೊದಲೇ ಹೇಳಿರಲಿಲ್ವಾ ಮಿಸ್" ಅಂದ.

ಹೀಗೆ ಲೆಕ್ಕ ಹಾಕುವವರು ಎಲ್ಲ ಕಾಲದಲ್ಲೂ ಇದ್ದರು. ರೊನಾಲ್ಡ್ ವಿಲ್ಸನ್ ರೇಗನ್ ಅನ್ನುವ ಮೂರು ಪದಗಳಿಗೆ ಇಂಗ್ಲಿಷಿನಲ್ಲಿ ಆರಾರು ಅಕ್ಷರ ಅಂತ ಅಮೆರಿಕದ ಅಧ್ಯಕ್ಷರನ್ನೇ ಹಿಡಿದುಕೊಂಡರು. ಕ್ರೈಸ್ತ ಸುಧಾರಕ ಲೂಥರ್ ಪೋಪನ್ನು ಬೈದದ್ದು ಕ್ರಿಸ್ತವಿರೋಧಿ ಅಂತಲೇ. ನೆಪೋಲಿಯನ್, ಮುಸೊಲಿನಿ, ಗೊರ್ಬಚೆವ್, ಯಾರನ್ನೂ ಬಿಟ್ಟಿಲ್ಲ. ಆ ಸಂಖ್ಯೆಯ ಹಿಂದೆ ರೋಮಿನ ಚಕ್ರವರ್ತಿ ನೀರೋ ಇದ್ದಾನೆ ಅನ್ನುವ ವಿದ್ವಾಂಸರೇ ಜಾಸ್ತಿ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ; ಅವನ ಹೆಸರನ್ನು ಗ್ರೀಕರ ಹಾಗೆ ನೆರೋನ್ ಕೈಸರ್ ಅಂತ ಆ ಅಕ್ಷರಗಳಲ್ಲಿ ಬರೆದು ಕೂಡಿದರೆ 666 ಬರುತ್ತದೆ.

ಯುದ್ಧದ ವಿಡಿಯೋ ಆದರೆ, ಈ ಕೊನೆಗಾಲದ ಮಾತನ್ನು ಹಿಂದೆ ಯಾರು ಬಳಸಿಕೊಂಡರು ಅಂತ ನೆನಪಿಸಿಕೊಳ್ಳಿ. ಸಿರಿಯಾದ ಉತ್ತರದಲ್ಲಿ ದಾಬಿಕ್ ಅಂತ ಒಂದು ಚಿಕ್ಕ ಊರು. ಕೊನೆಗಾಲದ ದೊಡ್ಡ ಯುದ್ಧ ಅಲ್ಲೋ ಅದರ ಹತ್ತಿರವೋ ಆಗುತ್ತದೆ, ದಜ್ಜಾಲ್ ಬರುವುದು ಅದಾದ ಮೇಲೆ ಅಂತ ಒಂದು ಹದೀಸ್ ಇದೆ. ಐಸಿಸ್ ಉಗ್ರರು 2014ರಲ್ಲಿ ಆ ಊರು ಹಿಡಿದರು, ತಮ್ಮ ಪತ್ರಿಕೆಗೆ ಅದೇ ಹೆಸರಿಟ್ಟರು, ಎಲ್ಲೆಲ್ಲಿಂದಲೋ ಹುಡುಗರನ್ನು ಕರೆಸಿಕೊಂಡರು. 2016ರ ಅಕ್ಟೋಬರ್‌ನಲ್ಲಿ ಟರ್ಕಿ ಬೆಂಬಲದ ಪಡೆಗಳು ಬಂದಾಗ ದೊಡ್ಡ ಯುದ್ಧವೇನೂ ಆಗಲಿಲ್ಲ, ಊರು ಬಿಟ್ಟು ಹೋದರು. ಪತ್ರಿಕೆಯ ಹೆಸರನ್ನು ಅದಕ್ಕೂ ಮುಂಚೆಯೇ ಬದಲಾಯಿಸಿಕೊಂಡಿದ್ದರು! 1979ರ ನವೆಂಬರ್ 20ರಂದು ಜುಹೈಮಾನ್ ಅನ್ನುವವನು ಮಕ್ಕಾದ ಮಸೀದಿಯನ್ನೇ ವಶ ಮಾಡಿಕೊಂಡು, ತನ್ನ ಹೆಂಡತಿ ಕಡೆಯ ನೆಂಟನೇ ಮೆಹದಿ, ಅಂದರೆ ಕೊನೆಗಾಲದಲ್ಲಿ ಬರುವ ಮಾರ್ಗದರ್ಶಿ, ಅಂತ ಸಾರಿದ. ಎರಡು ವಾರ ಗುಂಡು ಹಾರಿತು, ನೂರಾರು ಜನ ಸತ್ತರು. ಆ ಮೆಹದಿಯೂ ಅಲ್ಲೇ ಸತ್ತ.

ಇನ್ನು ಮನೆಯ ಹಿರಿಯರಿಗೆ ಹೇಗೆ ಹೇಳುವುದು. ಗ್ರೂಪಿನಲ್ಲಿ ಎಲ್ಲರ ಮುಂದೆ ಸುಳ್ಳು ಅನ್ನಬೇಡಿ, ಅವರಿಗೆ ಅವಮಾನ ಆಗುತ್ತದೆ, ಮರುದಿನ ಇನ್ನೂ ನಾಲ್ಕು ವಿಡಿಯೋ ಬರುತ್ತವೆ. ಫೋನ್ ಮಾಡಿ, ಇಲ್ಲ ಮನೆಗೇ ಹೋಗಿ. ಅವರ ನಂಬಿಕೆಯ ಒಳಗಿನಿಂದಲೇ ಮಾತಾಡಿ. ನಾನು ಮಾಮುಗೆ ಇಬ್ನ್ ಸಯ್ಯಾದ್ ಕಥೆ ನೆನಪಿಸಿದೆ. ಮದೀನಾದಲ್ಲಿ ಒಬ್ಬ ವಿಚಿತ್ರ ಹುಡುಗ ಇದ್ದ, ಇವನೇ ದಜ್ಜಾಲ್ ಇರಬೇಕು ಅಂತ ಅನುಮಾನ. ಅವನ ಕತ್ತು ಕಡಿಯುತ್ತೇನೆ, ಅಪ್ಪಣೆ ಕೊಡಿ ಅಂತ ಹಜರತ್ ಉಮರ್ ಕೇಳಿದರು. ಇವನು ಅವನೇ ಆಗಿದ್ದರೆ ನಿನ್ನ ಕೈಲಿ ಆಗುವುದಿಲ್ಲ, ಅಲ್ಲದಿದ್ದರೆ ಇವನನ್ನು ಕೊಂದು ನಿನಗೇನೂ ಒಳ್ಳೆಯದಾಗುವುದಿಲ್ಲ ಅಂತ ಪೈಗಂಬರರು ತಡೆದರು. ಬುಖಾರಿಯಲ್ಲೂ ಇದೆ, ಮುಸ್ಲಿಂನಲ್ಲೂ ಇದೆ. ಪೈಗಂಬರರೇ ಬೆರಳು ತೋರಿಸದೆ ಬಿಟ್ಟ ಮೇಲೆ ಯೂಟ್ಯೂಬಿನವನಿಗೆ ಏನು ಅವಸರ, ಅಲ್ವಾ ಮಾಮು ಅಂದೆ. ಅವರು ವಾದ ಮಾಡಲಿಲ್ಲ. ಆ ಕಥೆ ಎಲ್ಲಿದೆ, ಕಳಿಸು ಅಂದರು, ಕಳಿಸಿದೆ. ಅದನ್ನೂ ಫಾರ್ವರ್ಡ್ ಮಾಡಿದರು.

ಮೇಡಂ ತಮ್ಮ ಕಡೆಯವರಿಗೆ ಬೈಬಲಿನ ಮತ್ತಾಯ 24ನೇ ಅಧ್ಯಾಯ ತೆಗೆದು ಕೊಡುತ್ತಾರೆ. ಯುದ್ಧಗಳಾಗುವುದನ್ನೂ ಯುದ್ಧದ ಸುದ್ದಿಗಳನ್ನೂ ಕೇಳುತ್ತೀರಿ, ಕಳವಳಪಡಬೇಡಿ, ಇನ್ನೂ ಅಂತ್ಯ ಅಲ್ಲ ಅಂತ ಅಲ್ಲಿದೆ. ಆ ದಿನ ಯಾವುದು ಅಂತ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತಲೂ ಅದೇ ಅಧ್ಯಾಯದಲ್ಲಿದೆ. ಕುರಾನಿನ 7ನೇ ಸೂರಾದ 187ನೇ ಆಯತ್ ಹೇಳುವುದೂ ಅದನ್ನೇ, ಆ ಗಳಿಗೆ ಅಲ್ಲಾಹನಿಗೆ ಮಾತ್ರ ಗೊತ್ತು.

ಮಕ್ಕಳು ಹೆದರಿದ್ದರೆ ಇಷ್ಟೆಲ್ಲ ಹೇಳಬೇಡಿ. ಫೋನು ತೆಗೆದಿಟ್ಟು ಜೊತೆಯಲ್ಲಿ ಕೂತುಕೊಳ್ಳಿ. ನಮ್ಮ ಮನೆಯಲ್ಲಿ ಅಮ್ಮಿ ಶುಕ್ರವಾರ ಕಹಫ್ ಸೂರಾ ಓದುತ್ತಾರೆ. ಅದರ ಮೊದಲ ಹತ್ತು ಆಯತ್ ಬಾಯಿಪಾಠ ಇದ್ದವರಿಗೆ ದಜ್ಜಾಲನಿಂದ ರಕ್ಷಣೆ ಅಂತ ಹದೀಸಿನಲ್ಲೇ ಇದೆ. ನನ್ನ ಮಗಳಿಗೆ ಅಷ್ಟು ಸಾಕಾಯಿತು.

ಒಂದು ಕಡೆ ಮಾತ್ರ ನಾನು ನಯವಾಗಿ ಮಾತಾಡುವುದಿಲ್ಲ. ಊರಿನ ಒಬ್ಬ ಮನುಷ್ಯನನ್ನೋ ಒಂದು ಜನಾಂಗವನ್ನೋ ತೋರಿಸಿ, ಇವರೇ ಅವನ ಕಡೆಯವರು ಅನ್ನುವ ವಿಡಿಯೋ ಬಂದರೆ ಮಾಮು ಕಳಿಸಿದ್ದಾದರೂ ಬಿಡುವುದಿಲ್ಲ. ಮೆಸೇಜ್ ಒತ್ತಿ ಹಿಡಿದು ಮೆನು ನೋಡಿದರೆ ರಿಪೋರ್ಟ್ ಅಂತ ಇರುತ್ತದೆ, ಅದನ್ನು ಒತ್ತಿ. ಆಮೇಲೆ ಅಡ್ಮಿನ್‌ಗೆ ಹೇಳಿ ತೆಗೆಸಿ.